ಪಿಂಪ್ರಿಯ ಕನ್ನಡ ಬೈಬಲ್ ತರಗತಿ: ಶನಿವಾರ ಚೆನ್ನ, ಭಾನುವಾರ ಬೇಡ

ಪುಣೆಯಲ್ಲಿ ಕನ್ನಡದ ಬೈಬಲ್ ಪಾಠ ಸಿಗುವುದೇ ಅಪರೂಪ. ಪಿಂಪ್ರಿಯಲ್ಲಿ ಬಾಯಿಮಾತಿನ ಶಕ್ತಿಯ ಬಗ್ಗೆ ಶನಿವಾರ, ಭಾನುವಾರ ತರಗತಿ ಇದೆ ಅಂದಾಗ ಡ್ಯೂಟಿ ಬದಲಾಯಿಸಿಕೊಂಡು ಹೋದೆ. ನಾನು ಸ್ಟಾಫ್ ನರ್ಸ್. ಬೀದರ್ ಕಡೆಯವಳು, ಮೆಥಡಿಸ್ಟ್ ಸಭೆಯಲ್ಲಿ ಬೆಳೆದವಳು.

ಶುಲ್ಕ 300 ರೂಪಾಯಿ, ಊಟ ಸೇರಿ. ಮೊದಲ ಮಹಡಿ, ಲಿಫ್ಟ್ ಇಲ್ಲ. ಮೊಣಕಾಲು ನೋವಿನವರು ನೋಡಿಕೊಳ್ಳಿ. ಬಂದವರಲ್ಲಿ ಕಲಬುರಗಿ, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರೇ ಜಾಸ್ತಿ. ಮಧ್ಯಾಹ್ನ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಪಲ್ಯಕ್ಕೆ ಉಪ್ಪು ಸ್ವಲ್ಪ ಮುಂದಾಗಿತ್ತು, ಆದರೂ ಮತ್ತೆ ಹಾಕಿಸಿಕೊಂಡೆ.

ಶನಿವಾರ ಯಾಕೋಬನ ಪತ್ರಿಕೆಯ, ಅಂದರೆ ಬೈಬಲ್ಲಿನಲ್ಲಿರುವ ಅವನ ಪತ್ರದ, 3ನೇ ಅಧ್ಯಾಯ. ಪುಟ್ಟ ಚುಕ್ಕಾಣಿ ದೊಡ್ಡ ಹಡಗನ್ನು ತಿರುಗಿಸುತ್ತದೆ, ಸಣ್ಣ ಕಿಡಿ ಕಾಡನ್ನೇ ಸುಡುತ್ತದೆ, ಇದೆಲ್ಲ ಸಂಡೇ ಸ್ಕೂಲಿನಲ್ಲೇ ಕೇಳಿದ್ದು. ಆದರೆ ಪಾಸ್ಟರ್ ಬೇಗ 9ನೇ ವಚನಕ್ಕೆ ಬಂದರು. ದೇವರನ್ನು ಕೊಂಡಾಡುವ ನಾಲಿಗೆಯೇ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯನನ್ನು ಶಪಿಸುತ್ತದೆ. "ಬೆಳಿಗ್ಗೆ ಸ್ತೋತ್ರ, ಸಂಜೆ ಸೊಸೆಗೆ ಬೈಗುಳ, ಅಲ್ವಾ?" ಅಂದರು. ಹಿಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಆಮೇಲೆ ಯಾರೂ ನಗಲಿಲ್ಲ. ಚಿಕ್ಕಂದಿನಲ್ಲಿ ನಿಮಗೆ ಯಾರೋ ಆಡಿದ, ಇನ್ನೂ ಮರೆಯದ ಒಂದು ಮಾತು ಹೇಳಿ ಅಂದರು. ಯಾದಗಿರಿಯ ಒಬ್ಬ ಅಜ್ಜಿ ಎದ್ದು ನಿಂತಳು. ಅವಳು ಹುಟ್ಟಿದ ವರ್ಷವೇ ಅಪ್ಪ ತೀರಿಕೊಂಡನಂತೆ. "ಇದರ ಕಾಲ್ಗುಣ ಸರಿ ಇಲ್ಲ ಅಂತ ಅವ್ವನೇ ಅನ್ನಾಕಿ. ನನ್ನ ಮದುವ್ಯಾಗೂ ಅಂದ್ಲು" ಅಂದು ಕೂತುಬಿಟ್ಟಳು. ಪಾಸ್ಟರ್ ಉಪದೇಶ ಮಾಡಲಿಲ್ಲ. ಪಾಸ್ಟರಮ್ಮ ಹೋಗಿ ಪಕ್ಕದಲ್ಲಿ ಕೂತರು. ಈ ಒಂದು ಗಂಟೆಗೇ ನನ್ನ 300 ರೂಪಾಯಿ ಸಂದಾಯ ಆಯಿತು.

ಭಾನುವಾರ ಬೇರೆ ಊರಿನ ಪ್ರಸಂಗಿ. ಮಾರ್ಕನ ಸುವಾರ್ತೆಯ 11ನೇ ಅಧ್ಯಾಯದಿಂದ, ಸಂಶಯಪಡದೆ ನಂಬಿ ಹೇಳಿದರೆ ಬೆಟ್ಟವೂ ಕಿತ್ತು ಸಮುದ್ರಕ್ಕೆ ಬೀಳುತ್ತದೆ ಅನ್ನುವ ವಾಕ್ಯ ಓದಿದರು. ಅಲ್ಲಿಂದ ನೇರ ಕಾಯಿಲೆಗೆ ಬಂದರು. "ನನಗೆ ಶುಗರ್ ಇದೆ" ಅನ್ನಬಾರದಂತೆ, ಅಂದರೆ ಅದು ಮೈಯಲ್ಲಿ ನೆಲೆ ನಿಲ್ಲುತ್ತದಂತೆ. "ಗುಣವಾಗಿದ್ದೇನೆ" ಎಂದೇ ಅರಿಕೆ ಮಾಡಬೇಕಂತೆ, ಅಂದರೆ ನಂಬಿ ಬಾಯಿಬಿಟ್ಟು ಹೇಳಬೇಕಂತೆ. ಈ ಬೋಧನೆ ಅಮೆರಿಕದ ಬೋಧಕ ಇ. ಡಬ್ಲ್ಯೂ. ಕೆನ್ಯನ್ ಅವರಿಂದ ಅಲ್ಲಿನ ಇನ್ನೊಬ್ಬ ಬೋಧಕ ಕೆನೆತ್ ಹೇಗಿನ್ ಅವರಿಗೆ ಬಂದು, ಟಿವಿ, ಪುಸ್ತಕಗಳ ಮೂಲಕ ನಮ್ಮ ಕಡೆಗೂ ಹಬ್ಬಿದ್ದು. ಹೇಗಿನ್ 1974ರಲ್ಲಿ ಒಕ್ಲಹೋಮಾದಲ್ಲಿ ಬೈಬಲ್ ಶಾಲೆಯನ್ನೇ ತೆರೆದರು.

ನನ್ನ ಪಕ್ಕದ ಕಾಕು ಪಿಸುಗುಟ್ಟಿದರು, "ಹಂಗಾದ್ರ ನಾಳಿಂದ ಗುಳಿಗಿ ಬಿಡ್ಲೇನು?" ಬ್ಯಾಡ್ರಿ ಅಂತ ಕೈ ಹಿಡಿದುಕೊಂಡೆ. ಗುಳಿಗೆ ಬಿಟ್ಟು, ಕಾಲಿನ ಗಾಯ ಕಪ್ಪಾದ ಮೇಲೆ ವಾರ್ಡಿಗೆ ಬಂದವರ ಡ್ರೆಸ್ಸಿಂಗ್ ಮಾಡಿದ ಕೈ ಇದು.

ಯಾಕೋಬನ ಅದೇ ಪತ್ರಿಕೆಯ 5ನೇ ಅಧ್ಯಾಯ ಏನು ಹೇಳುತ್ತದೆ? ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ. ಕಾಯಿಲೆ ಇದೆ ಅಂತ ಬಾಯಿ ಬಿಡದೆ ಕರೆಸುವುದು ಹೇಗೆ? ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ಜೊತೆಗಾರ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದೆ ಅಂತ ಮುಚ್ಚುಮರೆ ಇಲ್ಲದೆ ಬರೆದ. ಅವನು ರೋಮಾಪುರದವರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯದ ಬಾಯಿಯ ಅರಿಕೆಯೂ ಯೇಸುವೇ ಕರ್ತನು ಅನ್ನೋದು. ರಕ್ತದ ರಿಪೋರ್ಟಿನ ಬಗ್ಗೆ ಅಲ್ಲ.

ಒಳ್ಳೇ ಮಾತಿಗೆ ಬೆಲೆ ಇಲ್ಲ ಅಂತಲ್ಲ. "ಹೆದರಬ್ಯಾಡ್ರಿ ಕಾಕಾ, ಆರಾಮ ಆಗ್ತೀರಿ" ಅಂತ ನಾನೇ ದಿನಾ ಅಂತೀನಿ, ಇನ್ಸುಲಿನ್ ಚುಚ್ಚುತ್ತಲೇ.

ಪ್ರಶ್ನೆಗೆ ಸಮಯ ಕೊಡಲಿಲ್ಲ, ಅದೊಂದು ಸಿಟ್ಟು. ಚೀಟಿಯಲ್ಲಿ ಬರೆದುಕೊಟ್ಟೆ. ಪ್ರಸಂಗಿ ಓದಿ ಜೇಬಿಗಿಟ್ಟುಕೊಂಡರು. ಪಾಸ್ಟರ್ ಮಾತ್ರ ಮೆಟ್ಟಿಲ ಹತ್ತಿರ ತಡೆದು, ಮುಂದಿನ ಸಲ ಡಾಕ್ಟರೊಬ್ಬರನ್ನೂ ಕರೆಸೋಣ ಅಂದರು. ಕರೆಸಿದರೆ ಎರಡೂ ದಿನ ಹೋಗಿ. ಸದ್ಯಕ್ಕೆ ಐದಕ್ಕೆ ಮೂರು ಸ್ಟಾರ್, ಮೂರೂ ಶನಿವಾರದ್ದೇ.