ಕಚ್ಚುವ ಕುದುರೆ: ಒಂದನ್ನು ಉಳಿಸಿಕೊಂಡೆ, ಒಂದನ್ನು ಕೊಟ್ಟೆ

ಮೈಸೂರಿನಿಂದ ನಂಜನಗೂಡಿನ ಕಡೆ ಹೋಗುವಾಗ ನಮ್ಮ ತೋಟ ಸಿಗುತ್ತದೆ. ಅಲ್ಲಿ ಎರಡು ಸಿಟ್ಟಿನ ಕುದುರೆ ಸಾಕಿದ್ದೆ. ಒಂದು ಥರೋಬ್ರೆಡ್ ಎಂಬ ಓಟದ ತಳಿಯದು, ರೇಸ್ ಮುಗಿಸಿ ಬಂದದ್ದು, ಹೆಸರು ಕೆಂಪ. ಇನ್ನೊಂದು ಮಾರ್ವಾಡಿ ತಳಿಯ ಗಂಡು, ಚಿನ್ನು. ಎರಡೂ ಕಚ್ಚುತ್ತಿದ್ದವು, ಎರಡೂ ಒದೆಯುತ್ತಿದ್ದವು. ಕೆಂಪ ಈಗಲೂ ನಮ್ಮ ಲಾಯದಲ್ಲೇ ಇದ್ದಾನೆ. ಚಿನ್ನುವನ್ನು ಕೊಟ್ಟುಬಿಟ್ಟೆ. ಇಂಥ ಕುದುರೆಯನ್ನು ಇಟ್ಟುಕೊಳ್ಳಬೇಕಾ, ಕಳಿಸಬೇಕಾ ಅಂತ ಒದ್ದಾಡುತ್ತಿರುವವರಿಗೆ ನಾನು ಕಂಡದ್ದು ಉಪಯೋಗಕ್ಕೆ ಬರಬಹುದು.

ಕೆಂಪ ಬಂದಾಗ ಅವನಿಗೆ ಆರು ವರ್ಷ. ರೇಸ್ ಕುದುರೆಗಳು ದಿನದ ಬಹುಪಾಲು ಒಂಟಿಯಾಗಿ ಲಾಯದೊಳಗೇ ಇರುತ್ತವೆ. ತಿನ್ನುವುದು ಕಾಳು ಜಾಸ್ತಿ, ಹುಲ್ಲು ಕಮ್ಮಿ. ನಾವೂ ಅದನ್ನೇ ಮುಂದುವರಿಸಿದೆವು. ಬೆಳಿಗ್ಗೆ ಸಂಜೆ ಹುರುಳಿ, ಓಟ್ಸ್, ಮಧ್ಯೆ ಒಂದು ಹಿಡಿ ಒಣಹುಲ್ಲು. ಜೀನು ಹಾಕಿ ಹೊಟ್ಟೆಪಟ್ಟಿ ಬಿಗಿಯಲು ಕೈ ಇಟ್ಟರೆ ಸಾಕು, ತಿರುಗಿ ಕಚ್ಚುತ್ತಿದ್ದ. ಊರವರು ಹಣೆ, ಎದೆ ಎಲ್ಲ ನೋಡಿ ಸುಳಿ ಸರಿಯಿಲ್ಲ, ಮಾರಿಬಿಡಿ ಅಂದರು. ನನಗೂ ಹಾಗೇ ಅನ್ನಿಸಿತ್ತು.

ಅದಕ್ಕೂ ಮೊದಲು ಒಂದು ತಪ್ಪು ಮಾಡಿದೆ. ಪಳಗಿಸುವವರು ಅಂತ ಒಬ್ಬರನ್ನು ಕರೆಸಿದೆ. ಅವರು ಕಾಲಿಗೆ ಹಗ್ಗ ಕಟ್ಟಿ, ಕಿವಿ ಹಿಂದಕ್ಕೆ ಮಡಚಿದಾಗಲೆಲ್ಲ ಹೊಡೆದರು. ಮೂರೇ ದಿನದಲ್ಲಿ ಕೆಂಪ ಕಿವಿ ಮಡಚುವುದನ್ನು ಬಿಟ್ಟ. ಕಚ್ಚುವುದನ್ನು ಬಿಡಲಿಲ್ಲ. ಮೊದಲು ಕಿವಿ, ಆಮೇಲೆ ಬಾಲ, ಮೂಗಿನ ಸುಕ್ಕು, ಕೊನೆಗೆ ಹಲ್ಲು, ಹೀಗೆ ಬರುತ್ತಿದ್ದದ್ದು ಈಗ ನೇರವಾಗಿ ಹಲ್ಲೇ ಬರತೊಡಗಿತು. ಅವನು ಕೊಡುತ್ತಿದ್ದ ಎಚ್ಚರಿಕೆಯನ್ನು ನಾವೇ ಹೊಡೆದು ಕಳೆದಿದ್ದೆವು. ಆ ಮೂರು ದಿನದ ಬಗ್ಗೆ ನನಗೆ ಇವತ್ತಿಗೂ ಬೇಸರ ಇದೆ.

ಆಮೇಲೆ ಬಂದ ಡಾಕ್ಟರು ಸುಳಿ ನೋಡಲಿಲ್ಲ, ಪ್ರಶ್ನೆ ಕೇಳಿದರು. ಯಾವಾಗ ಕಚ್ತಾನೆ? ಎಲ್ಲಿ ಮುಟ್ಟಿದಾಗ? ಮೇವು ತಿನ್ನುವಾಗ ಬಾಯಿಂದ ಉಂಡೆ ಬೀಳುತ್ತಾ? ಕುದುರೆಯ ಹೊಟ್ಟೆಯಲ್ಲಿ ಅದು ತಿನ್ನಲಿ ಬಿಡಲಿ ಆಮ್ಲ ಸುರಿಯುತ್ತಲೇ ಇರುತ್ತದಂತೆ. ದಿನವಿಡೀ ಹುಲ್ಲು ಅಗಿಯುತ್ತಿದ್ದರೆ ಜೊಲ್ಲು ಅದನ್ನು ತಣಿಸುತ್ತದೆ. ಗಂಟೆಗಟ್ಟಲೆ ಹೊಟ್ಟೆ ಖಾಲಿ ಬಿಟ್ಟರೆ ಹುಣ್ಣಾಗುತ್ತದೆ. ರೇಸ್ ಕುದುರೆಗಳಲ್ಲಿ ಇದು ತುಂಬ ಸಾಮಾನ್ಯ. ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರು. ಮೇಲಿನ ದವಡೆಯ ಹಲ್ಲುಗಳ ಹೊರ ಅಂಚು ಚೂರಿಯ ಹಾಗೆ ಆಗಿತ್ತು. ಕೆನ್ನೆಯ ಒಳಗೆ ಗೀರು ಗಾಯ. ಲಗಾಮು ಎಳೆದಾಗಲೆಲ್ಲ ಆ ಗಾಯಕ್ಕೆ ಹಲ್ಲು ಒತ್ತುತ್ತಿತ್ತು.

ಹಲ್ಲಿಗೆ ಅರ ಹಾಕಿಸಿದೆವು. ಹೊಟ್ಟೆಯ ಆಮ್ಲ ಕಮ್ಮಿ ಮಾಡುವ ಒಮೆಪ್ರಜೋಲ್ ಔಷಧಿ 28 ದಿನ ಕೊಟ್ಟೆವು. ಹುರುಳಿ ಅರ್ಧಕ್ಕೆ ಇಳಿಸಿ, ಹುಲ್ಲು ಯಾವಾಗಲೂ ಮುಂದೆ ಇರುವ ಹಾಗೆ ಮಾಡಿದೆವು. ಜೊತೆಗೆ ಸ್ವಲ್ಪ ಕುದುರೆಮಸಾಲೆ, ಅಂದರೆ ಲೂಸರ್ನ್ ಮೇವಿನ ಸೊಪ್ಪು. ಕುದುರೆಗೆ ದಿನಕ್ಕೆ ಅದರ ತೂಕದ ನೂರಕ್ಕೆ ಎರಡರಷ್ಟು ಮೇವು ಬೇಕು, ಅಂದರೆ 450 ಕೆಜಿಯವನಿಗೆ ಸುಮಾರು 9 ಕೆಜಿ. ನಾವು ಅದರ ಅರ್ಧವನ್ನೂ ಹಾಕುತ್ತಿರಲಿಲ್ಲ. ಹಗಲಿಡೀ ಒಂದು ಮುದಿ ಹೆಣ್ಣು ಕುದುರೆಯ ಜೊತೆ ಬಯಲಿಗೆ ಬಿಟ್ಟೆವು. ಎರಡು ತಿಂಗಳಿಗೆ ಹೊಟ್ಟೆಪಟ್ಟಿ ಬಿಗಿಯುವಾಗ ಬರೀ ಕಿವಿ ಮಡಚಿದ. ಆ ಕಿವಿ ಮತ್ತೆ ಮಾತಾಡಿದ್ದು ನೋಡಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಅವತ್ತು ಪಟ್ಟಿ ಬಿಚ್ಚಿ ಸುಮ್ನೆ ಬಯಲಿಗೆ ಬಿಟ್ಟೆ.

ಚಿನ್ನುವಿನ ಕಥೆ ಬೇರೆ. ಅವನಿಗೆ ನೋವೇ ಇರಲಿಲ್ಲ. ಅದೇ ಡಾಕ್ಟರು ಹಲ್ಲು, ಬೆನ್ನು, ಗೊರಸು ಎಲ್ಲ ನೋಡಿದರು, ಏನೂ ಸಿಗಲಿಲ್ಲ. ಹುಟ್ಟಿ ಹನ್ನೊಂದು ದಿನಕ್ಕೆ ತಾಯಿ ಹೊಟ್ಟೆನೋವು ಬಂದು ಸತ್ತಿತ್ತು. ಬಾಟಲಿ ಹಾಲು ಕುಡಿಸಿ ಅಂಗಳದಲ್ಲೇ ಬೆಳೆಸಿದೆವು. ಮುಂಗಾಲು ಎತ್ತಿ ಮಕ್ಕಳ ಹೆಗಲ ಮೇಲೆ ಇಡುತ್ತಿದ್ದ. ನಾವೆಲ್ಲ ನಕ್ಕು ಫೋಟೋ ತೆಗೆದೆವು. ಮರಿಗೆ ಕಚ್ಚಬೇಡ, ಹತ್ತಿರ ಬರಬೇಡ ಅಂತ ಕಲಿಸುವುದು ತಾಯಿ ಮತ್ತು ಹಿಂಡು. ಅವನಿಗೆ ಎರಡೂ ಇರಲಿಲ್ಲ. ಮೂರು ವರ್ಷಕ್ಕೆ 350 ಕೆಜಿ ತೂಗುವಾಗಲೂ ಅದೇ ಆಟ ಆಡಲು ಬಂದ.

ಕೆಂಪ ನಾವು ಏನಾದರೂ ಮಾಡಿದಾಗ ಕಚ್ಚುತ್ತಿದ್ದ, ಕಚ್ಚಿ ಹಿಂದೆ ಸರಿಯುತ್ತಿದ್ದ. ಚಿನ್ನು ಏನೂ ಮಾಡದಿದ್ದರೂ ಬರುತ್ತಿದ್ದ, ಹಿಡಿದರೆ ಬಿಡುತ್ತಿರಲಿಲ್ಲ. ಓಡಿದರೆ ಅಟ್ಟಿಸಿಕೊಂಡು ಬರುತ್ತಿದ್ದ. ಅದೂ ಮಾರ್ವಾಡಿಯ ಆ ಚೆಂದದ ಬಾಗಿದ ಕಿವಿ ಮುಂದಕ್ಕೇ ಇಟ್ಟುಕೊಂಡು. ಕುದುರೆ ನೋಡಿಕೊಳ್ಳುವ ಹುಡುಗ, ನಮ್ಮ ಸೈಸ್, ಒಂದು ದಿನ, "ಅಣ್ಣಾ, ಇವನ ಕಿವಿ ನೋಡ್ಬೇಡಿ, ಮುಂಗಾಲು ನೋಡಿ" ಅಂದ. ನನಗೆ ಆಗಲೇ ಭಯ ಹುಟ್ಟಿದ್ದು.

ಬೀಜ ತೆಗೆಸಿದೆವು. ಡಾಕ್ಟರು ಮೊದಲೇ ಹೇಳಿದ್ದರು: ಗಂಡು ಕುದುರೆಯ ಬಿಸಿ ನಿಧಾನಕ್ಕೆ ಇಳಿಯುತ್ತೆ, ಆದರೆ ಕಲಿತ ಅಭ್ಯಾಸ ಇದರಿಂದ ಹೋಗಲ್ಲ. ಹಾಗೇ ಆಯಿತು. ಹೆಣ್ಣು ಕುದುರೆ ಕಂಡರೆ ಕೆನೆಯುವುದು ನಿಂತಿತು, ಜನರ ಮೇಲೆ ಬರುವುದು ನಿಲ್ಲಲಿಲ್ಲ. ನಾಲ್ಕು ತಿಂಗಳು ಒಳ್ಳೆಯ ತರಬೇತಿಗೆ ಬಿಟ್ಟೆ. ಅಲ್ಲಿ ಹೊಡೆತ ಇರಲಿಲ್ಲ. ಎಲ್ಲರದ್ದೂ ಒಂದೇ ನಿಯಮ, ತೋಳಿನಷ್ಟು ದೂರ ನಿಲ್ಲಬೇಕು ಅಷ್ಟೇ. ಸೊಗಸಾಗಿ ಬಂದ. ಮೂರು ವಾರಕ್ಕೆ ನಮ್ಮ ಮನೆಯಲ್ಲಿ ಮತ್ತೆ ಹಳೇ ಚಿನ್ನು. ಒಬ್ಬರು ಬೆಲ್ಲ ಕೊಡುತ್ತೇವೆ, ಒಬ್ಬರು ಗದರುತ್ತೇವೆ, ಮಕ್ಕಳು ಬೇಲಿಯೊಳಗೆ ಕೈ ಹಾಕುತ್ತಾರೆ. ಆ ಕುದುರೆಗೆ ಬೇಕಾದ ಮನೆ ನಮ್ಮದಾಗಿರಲಿಲ್ಲ. ಒಂದು ಬೆಳಿಗ್ಗೆ ಸೈಸ್‌ನ ತೋಳು ಹಿಡಿದು ಎತ್ತಿಬಿಟ್ಟ. 11 ಹೊಲಿಗೆ, ಟೆಟನಸ್ ಇಂಜೆಕ್ಷನ್. ಗಾಯ ಆದದ್ದು ನನಗಲ್ಲ, ಸಂಬಳಕ್ಕೆ ಬರುವ ಹುಡುಗನಿಗೆ. ಕುದುರೆ ನನ್ನದು ಅಂತ ಅವನ ತೋಳನ್ನು ಪಣಕ್ಕಿಡಲು ನನಗೆ ಹಕ್ಕಿಲ್ಲ ಅಲ್ವಾ? ಅವತ್ತೇ ನಿರ್ಧಾರ ಮಾಡಿದೆ.

ಇಲ್ಲಿ ಒಂದು ಮಾತು. ನಿನ್ನೆವರೆಗೆ ಸಾಧುವಾಗಿದ್ದ ಕುದುರೆ ಇದ್ದಕ್ಕಿದ್ದಂತೆ ಎರಗಿದರೆ, ಅಥವಾ ನುಂಗಲು ಕಷ್ಟಪಟ್ಟರೆ, ಬಾಯಿಗೆ ಕೈ ಹಾಕಲೇಬೇಡಿ. ಬೀದಿನಾಯಿಗಳಿರುವ ನಮ್ಮ ಊರುಗಳಲ್ಲಿ ಕುದುರೆಗೂ ಹುಚ್ಚುನಾಯಿ ರೋಗ ಬರುತ್ತದೆ. ದೂರ ನಿಂತು ಡಾಕ್ಟರಿಗೆ ಫೋನ್ ಮಾಡಿ. ಆ ಕುದುರೆ ಕಚ್ಚಿದ್ದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ.

ಚಿನ್ನುವನ್ನು ಮದುವೆ ಮೆರವಣಿಗೆಗೆ ಕೇಳಿಕೊಂಡು ಬಂದವರಿದ್ದರು, ಒಳ್ಳೆಯ ದುಡ್ಡೂ ಹೇಳಿದರು. ಬ್ಯಾಂಡು, ಪಟಾಕಿ, ಮಕ್ಕಳ ಮಧ್ಯೆ ಅವನನ್ನು ನೆನೆಸಿಕೊಂಡೇ ಕೈ ಮುಗಿದೆ. ಸರಿಯಾದ ಜಾಗ ಸಿಗದಿದ್ದರೆ ನೋವಿಲ್ಲದೆ ಸಾಯಿಸುವುದೂ ಒಂದು ದಾರಿ ಅಂತ ಡಾಕ್ಟರು ಹೇಳಿದ್ದರು. ಗೊತ್ತಿಲ್ಲದವರ ಕೈಗೆ ದಾಟಿಸುವುದಕ್ಕಿಂತ ಅದೇ ಮೇಲು ಅಂತ ನಾನೂ ಒಪ್ಪಿದ್ದೆ. ರಾತ್ರಿ ನಿದ್ದೆ ಬರಲಿಲ್ಲ, ಆದರೂ ಒಪ್ಪಿದ್ದೆ.

ಕೊನೆಗೆ ಹಾಸನದ ಕಡೆ ಆರು ಕುದುರೆಗಳ ಹಿಂಡು ಇಟ್ಟುಕೊಂಡವರೊಬ್ಬರು ಸಿಕ್ಕರು. ಯಾರನ್ನು, ಯಾವಾಗ, ಹೇಗೆ ಕಚ್ಚಿದ, ಎಲ್ಲವನ್ನೂ ಎರಡು ಪುಟ ಬರೆದು, ಹೊಲಿಗೆಯ ಫೋಟೋ ಇಟ್ಟು ಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ. ಅವರು ಓದಿ, "ಇವನಿಗೆ ಮೊದಲು ಕುದುರೆಗಳು ಪಾಠ ಹೇಳ್ಲಿ, ಆಮೇಲೆ ನಾನು" ಅಂದರು.

ಎಂಟು ತಿಂಗಳ ಮೇಲೆ ನೋಡಲು ಹೋಗಿದ್ದೆ. ಬೇಲಿಯ ಹೊರಗೇ ನಿಂತೆ. ಹುಲ್ಲಿನ ರಾಶಿಗೆ ಚಿನ್ನು ಮುಂದೆ ಬಂದ. ಕಪ್ಪು ಹೆಣ್ಣು ಕುದುರೆಯೊಂದು ತಲೆ ಎತ್ತದೆ ಕಿವಿ ಮಾತ್ರ ಹಿಂದಕ್ಕೆ ಮಡಚಿತು. ಅವನು ನಿಂತ. ಎರಡು ಹೆಜ್ಜೆ ಹಿಂದೆ ಸರಿದು, ಅದು ತಿಂದು ಮುಗಿಸುವ ತನಕ ಕಾದ.