ಸುಂಟಿಕೊಪ್ಪದಿಂದ ಕುದುರೆ ನೋಡಲು: ಮೈಸೂರು ರೇಸಾ, ಬನ್ನಿಮಂಟಪವಾ, ಬೆಂಗಳೂರಾ?

ಅಕ್ಕನ ಮಗಳಿಗೆ ಈಗ 19 ವರ್ಷ. ಚಿಕ್ಕಂದಿನಿಂದ ಅವಳಿಗೆ ಕುದುರೆ ಅಂದರೆ ಪ್ರಾಣ. ನಮ್ಮ ಕೊಡಗಿನ ಕಡೆ ಆನೆ ನೋಡಲು ಎಲ್ಲಿಗೂ ಹೋಗಬೇಕಾಗಿಲ್ಲ, ಅವೇ ತೋಟಕ್ಕೆ ಬರುತ್ತವೆ. ಕುದುರೆಯ ಓಟ, ಜಿಗಿತ ನೋಡಬೇಕಾದರೆ ಮಾತ್ರ ಕುಶಾಲನಗರದ ಸೇತುವೆ ದಾಟಿ ಜಿಲ್ಲೆಯ ಹೊರಗೆ ಹೋಗಲೇಬೇಕು. ಹಾಗೆ ದಾಟಿ ಅವಳನ್ನು ಮೂರು ಕಡೆ ಕರೆದುಕೊಂಡು ಹೋಗಿದ್ದೇನೆ. ಮೂರರಲ್ಲಿ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಬೆಂಗಳೂರು ಅನ್ನುತ್ತೇನೆ. ದೂರ ಜಾಸ್ತಿ, ಖರ್ಚೂ ಜಾಸ್ತಿ. ಆದರೂ ಅದೇ.

ಮೊದಲು ಹೋಗಿದ್ದು ಮೈಸೂರಿನ ರೇಸ್‌ಗೆ. ಮೂರರಲ್ಲಿ ಇದೇ ಸುಲಭ. ನಮ್ಮಲ್ಲಿಂದ ಸುಮಾರು 105 ಕಿಲೋಮೀಟರ್. ಮನೆಯಲ್ಲೇ ತಿಂಡಿ ತಿಂದು ಕಾರಿನಲ್ಲಿ ಹೊರಟೆವು. ಬೈಲುಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ದಾಟಿ, ಮಧ್ಯೆ ಒಂದು ಕಾಫಿಗೆ ನಿಂತು, ಎರಡೂವರೆ ಗಂಟೆಯಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿದ್ದೆವು. ಮಳೆಗಾಲ ಮುಗಿಯುತ್ತಾ ಬಂದಿತ್ತು. ಬೆಟ್ಟ ಹಸಿರಾಗಿತ್ತು, ಅದರ ಕೆಳಗೆ ಓಟದ ಹಾದಿ. ನೋಡಲು ಎರಡು ಕಣ್ಣು ಸಾಲದು.

ಆದರೆ ಓಟ ಅನ್ನುವುದು ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. 1200 ಮೀಟರ್ ಓಡಲು ಕುದುರೆಗೆ ಬೇಕಾಗುವುದು ಒಂದು ಕಾಲು ನಿಮಿಷಕ್ಕಿಂತ ಕಡಿಮೆ. ನಮ್ಮ ಮುಂದೆ ಹಾದುಹೋಗುವುದು ನಾಲ್ಕೈದು ಸೆಕೆಂಡು, ಅಷ್ಟೇ. ಅದಕ್ಕೇ ಹೇಳುತ್ತೇನೆ, ಗ್ಯಾಲರಿಯಲ್ಲಿ ಜಾಗ ಹಿಡಿದು ಕೂರಬೇಡಿ. ಪ್ಯಾಡಕ್ ಹತ್ತಿರ ಹೋಗಿ ನಿಲ್ಲಿ. ಓಟಕ್ಕೆ ಮೊದಲು ಕುದುರೆಗಳನ್ನು ಅಲ್ಲಿ ಸುತ್ತು ನಡೆಸುತ್ತಾರೆ, ಜಾಕಿಗಳು ಅಲ್ಲೇ ಹತ್ತುತ್ತಾರೆ. ಮೈಯ ಹೊಳಪು, ಕಿವಿ ತಿರುಗಿಸುವ ರೀತಿ, ಕತ್ತಿನ ಬೆವರು, ಎಲ್ಲ ಕಾಣುತ್ತದೆ. ಸುತ್ತಲಿನ ಜನರ ಕಣ್ಣು ಮಾತ್ರ ಬಾಜಿಯ ಬೋರ್ಡಿನ ಮೇಲೆ. ನಾವು ಬಾಜಿ ಕಟ್ಟಲಿಲ್ಲ. ನಾಲ್ಕನೇ ಓಟದ ಹೊತ್ತಿಗೆ ಅವಳು, "ಮಾಮ, ಇಲ್ಲಿ ಕುದುರೆ ಬಗ್ಗೆ ಯಾರ ಹತ್ತಿರ ಕೇಳೋದು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಊಟಕ್ಕೆ ಮನೆಯಲ್ಲಿದ್ದೆವು.

ಎರಡನೆಯದು ಮೈಸೂರು ದಸರಾದ ಪಂಜಿನ ಕವಾಯತು, 2024ರ ವಿಜಯದಶಮಿಯ ರಾತ್ರಿ. ಇದರಲ್ಲಿ ಕೊಡಗಿನವರಿಗೆ ಒಂದು ಸಂಕಟ ಇದೆ. ಮಡಿಕೇರಿ ದಸರಾದ ದಶಮಂಟಪಗಳ ಮೆರವಣಿಗೆ ಹೊರಡುವುದೂ ಅದೇ ರಾತ್ರಿ. ಒಂದನ್ನು ಬಿಡಬೇಕು. ನಾನು ಮಂಟಪ ತಪ್ಪಿಸಿದ್ದು ಅದೇ ಮೊದಲು, ಮನಸ್ಸಿಗೆ ಸ್ವಲ್ಪ ಚುಚ್ಚಿತು. ಆ ದಿನ ಮೈಸೂರಿಗೆ ಕಾರು ಒಯ್ಯುವುದು ಬೇಡ ಅಂತ ಬೆಳಿಗ್ಗೆಯೇ ಕೆಂಪು ಬಸ್ ಹತ್ತಿದೆವು. ಶಕ್ತಿ ಯೋಜನೆಯಲ್ಲಿ ಅವಳಿಗೆ ಟಿಕೆಟ್ ಉಚಿತ.

ಬನ್ನಿಮಂಟಪದಲ್ಲಿ ಪೊಲೀಸ್ ಅಶ್ವಾರೋಹಿ ದಳದ ಟೆಂಟ್ ಪೆಗ್ಗಿಂಗ್ ನೋಡಬೇಕು. ನೆಲದಲ್ಲಿ ನೆಟ್ಟ ಚಿಕ್ಕ ಗೂಟ. ಸವಾರ ಓಡುವ ಕುದುರೆಯ ಮೇಲೆ ಬಾಗಿ, ಭರ್ಜಿಯಿಂದ ಅದನ್ನು ಎತ್ತಿಕೊಂಡು ಹೋಗಬೇಕು. ಅಷ್ಟು ಜನ, ಅಷ್ಟು ದೀಪ, ಪಟಾಕಿ, ಅದರ ಮಧ್ಯೆ ಕುದುರೆಗಳು ಬೆದರಲಿಲ್ಲ. ಸುಮ್ನೆ ಬಂದ ಧೈರ್ಯ ಅಲ್ಲ ಅದು. ದಸರಾಕ್ಕೆ ಮೊದಲೇ ಆನೆಗಳ ಜೊತೆ ಕುದುರೆಗಳನ್ನೂ ನಿಲ್ಲಿಸಿ ಫಿರಂಗಿ ಹಾರಿಸಿ ಸದ್ದಿಗೆ ಒಗ್ಗಿಸುತ್ತಾರೆ. ಮೈ ನವಿರೇಳಿತು, ನಿಜ. ಆದರೆ ನಮಗೆ ಸಿಕ್ಕ ಜಾಗದಿಂದ ಕುದುರೆ ಅಂಗೈಯಷ್ಟು ಕಾಣುತ್ತಿತ್ತು. ಮುಗಿದ ಮೇಲೆ ಆಟೋ ಸಿಗದೆ ತುಂಬಾ ದೂರ ನಡೆದೆವು. ಮೈಸೂರಿನಲ್ಲಿ ನೆಂಟರ ಮನೆ ಇದ್ದವರು ಮಾತ್ರ ಇದಕ್ಕೆ ಹೋಗಬೇಕು ಅಂತ ನನ್ನ ಅಭಿಪ್ರಾಯ.

ಮೂರನೆಯದು ಬೆಂಗಳೂರಿನ ಆಚೆ, ವಿಮಾನ ನಿಲ್ದಾಣದ ಕಡೆ ಇರುವ ಎಂಬೆಸಿ ರೈಡಿಂಗ್ ಸ್ಕೂಲ್‌ನ ಜಂಪಿಂಗ್ ಸ್ಪರ್ಧೆ, ಅಂದರೆ ಕುದುರೆ ಸಾಲು ಸಾಲು ತಡೆಗಳನ್ನು ಜಿಗಿದು ದಾಟುವ ಆಟ. ಹೊರಗಿನವರು ಬಂದು ನೋಡಬಹುದಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಂಡೆವು. ನೀವೂ ಹಾಗೇ ಮಾಡಿ. ನಮ್ಮಲ್ಲಿಂದ ಹತ್ತಿರ ಹತ್ತಿರ 290 ಕಿಲೋಮೀಟರ್. ಮೈಸೂರಿನವರೆಗೆ ಬಸ್, ಅಲ್ಲಿಂದ ಕೆಎಸ್ಆರ್‌ಟಿಸಿಯ ಫ್ಲೈಬಸ್‌ನಲ್ಲಿ ನೇರ ಏರ್‌ಪೋರ್ಟ್. ಬೆಂಗಳೂರಿನ ಒಳಗೆ ಬಸ್ ಬದಲಿಸುವ ತಲೆನೋವು ಇಲ್ಲ. ಹಿಂದಿನ ದಿನವೇ ಹೋಗಿ ಲಾಡ್ಜ್‌ನಲ್ಲಿ ಉಳಿದೆವು. ಒಂದು ರಾತ್ರಿಯ ಆ ಖರ್ಚು ಬೇಕೇ ಬೇಕು. ಯಾಕೆಂದರೆ ಬೆಳಿಗ್ಗೆ ಸ್ಪರ್ಧೆ ಶುರುವಾಗುವ ಮೊದಲೇ ಅಲ್ಲಿರಬೇಕು.

ಆಗ ಸವಾರರು ಕುದುರೆ ಬಿಟ್ಟು ಕಾಲ್ನಡಿಗೆಯಲ್ಲಿ ಅಂಕಣಕ್ಕೆ ಇಳಿಯುತ್ತಾರೆ. ಒಂದು ತಡೆಯಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸುತ್ತಾ ನಡೆಯುತ್ತಾರೆ. ಮನುಷ್ಯನ ನಾಲ್ಕು ದೊಡ್ಡ ಹೆಜ್ಜೆ ಅಂದರೆ ಕುದುರೆಯ ಒಂದು ದಾಪು, ಸುಮಾರು 12 ಅಡಿ. ಇಳಿಯಲು ಎರಡು ಹೆಜ್ಜೆ, ಮತ್ತೆ ನೆಗೆಯಲು ಎರಡು ಹೆಜ್ಜೆ ಬಿಟ್ಟು ಲೆಕ್ಕ ಹಾಕಬೇಕು. ಇದನ್ನು ನೋಡಿಕೊಂಡರೆ ಆಮೇಲಿನ ಪ್ರತಿ ಜಿಗಿತವೂ ಅರ್ಥವಾಗುತ್ತದೆ. ಒಂದು ಅಡ್ಡಗೋಲು ಬಿದ್ದರೆ 4 ದಂಡದ ಅಂಕ. ಹೆಣ್ಣು, ಗಂಡು ಅಂತ ಬೇರೆ ಬೇರೆ ಸ್ಪರ್ಧೆ ಇಲ್ಲ, ಎಲ್ಲರೂ ಒಂದೇ ಅಂಕಣದಲ್ಲಿ. ಅಕ್ಕನ ಮಗಳ ಮುಖ ಅರಳಿದ್ದು ಅಲ್ಲೇ. ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದಿದ್ದು ಅವಳಿಗೆ ಬಾಯಿಪಾಠ. ಒಂದು ಕುದುರೆ ಮೂರನೇ ತಡೆಯ ಮುಂದೆ ಗಕ್ಕನೆ ನಿಂತಿತು. ಸವಾರಿ ಮಾಡುತ್ತಿದ್ದ ಹುಡುಗಿ ಬೈಯಲಿಲ್ಲ, ಕತ್ತು ತಟ್ಟಿ ಮತ್ತೆ ತಿರುಗಿಸಿದಳು. ಆಚೆ ಬಂದ ಮೇಲೆ ನಮ್ಮವಳು ಹೋಗಿ ಮಾತಾಡಿಸಿದಳು. ಆ ಹುಡುಗಿ ನಿಂತು ಉತ್ತರ ಕೊಟ್ಟಳು. ರೇಸ್‌ನಲ್ಲಿ ಸಿಗದಿದ್ದದ್ದು ಇದೇ ಅಲ್ವಾ?

ಕಾರಿನಲ್ಲಿ ಹೋಗುವ ಆಸೆ ಇದ್ದರೆ ಮೈಸೂರಿನ ರೇಸ್‌ಗೆ ಮಾತ್ರ ಇಟ್ಟುಕೊಳ್ಳಿ. ಬೈಕಿನವರಿಗೆ ಒಂದು ಮಾತು: ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಊರಿಗೆ ಬಂದ ಮಾರನೇ ದಿನ ಬೆಳಿಗ್ಗೆ ಕಣದ ಕಡೆಯಿಂದ ಯಾರೋ ಎಣಿಸುವ ದನಿ ಕೇಳಿತು. ಕಾಫಿ ಕೊಯ್ಲು ಮುಗಿದು ಕಣ ಖಾಲಿ ಇತ್ತು. ಅವಳು ಎರಡು ಬಿದಿರು ಅಡ್ಡ ಇಟ್ಟುಕೊಂಡು ಮಧ್ಯೆ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತಿದ್ದಳು. ನನ್ನನ್ನು ನೋಡಿ, "ಮಾಮ, ಇಲ್ಲಿ ನಾಲ್ಕು ದಾಪು ಹಿಡಿಯುತ್ತೆ, ಐದಕ್ಕೆ ಜಾಗ ಸಾಲಲ್ಲ," ಅಂದಳು.