ಗಹಾಳ್, ಎನ್‌ಸಿ, ಎಫ್‌ಐಆರ್: ಮುಂಬೈಯಲ್ಲಿ ಫೋನ್ ಹೋದರೆ ಕೈಗೆ ಬರುವ ಕಾಗದ ಯಾವುದು?

ಮುಂಬೈ ಪೊಲೀಸರ ವೆಬ್‌ಸೈಟಿನ ‘ಲಾಸ್ಟ್ ಅಂಡ್ ಫೌಂಡ್’ ಸೇವೆಗೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಹೆಸರು, ವಿಳಾಸ, ಏನು ಕಳೆಯಿತು, ಎಲ್ಲಿ, ಯಾವಾಗ ಅಂತ ತುಂಬಿಸಿದರೆ ನಂಬರು ಇರುವ ವರದಿ ಇಮೇಲಿಗೆ ಬರುತ್ತದೆ. ಠಾಣೆಯ ಬೆಂಚಿನ ಮೇಲೆ ಕೂರುವ ಕೆಲಸವಿಲ್ಲ. ಪ್ಯಾನ್ ಕಾರ್ಡ್, ಲೈಸೆನ್ಸ್, ಕಾಲೇಜಿನ ಮಾರ್ಕ್ಸ್ ಕಾರ್ಡ್ ಕಳೆದು ಡೂಪ್ಲಿಕೇಟ್ ಬೇಕಾದವರಿಗೆ ಇದು ವರವೇ ಸರಿ. ಆದರೆ ಇದು ‘ಗಹಾಳ್’, ಅಂದರೆ ಕಳೆದುಹೋದದ್ದರ ದಾಖಲೆ ಮಾತ್ರ. ಇದರ ಮೇಲೆ ಯಾವ ಪೊಲೀಸರೂ ಕಳ್ಳನನ್ನು ಹುಡುಕುವುದಿಲ್ಲ, ಹುಡುಕಬೇಕಾಗಿಯೂ ಇಲ್ಲ.

ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಂತವನ ಕೈಗೆ ಹಳಿ ಪಕ್ಕದಿಂದ ಕೋಲಿನೇಟು ಬೀಳುತ್ತದೆ, ಫೋನು ಕೆಳಗೆ ಬೀಳುತ್ತದೆ, ಇನ್ನೊಬ್ಬ ಎತ್ತಿಕೊಂಡು ಓಡುತ್ತಾನೆ. ಊರೆಲ್ಲ ಇದನ್ನು ‘ಫಟ್ಕಾ’ ಎನ್ನುತ್ತದೆ. ಇದು ಕಳೆದದ್ದಲ್ಲ, ಕಿತ್ತುಕೊಂಡದ್ದು. ಆದರೂ ‘ಗಹಾಳ್ ಅಂತ ಬರೆಸಿ, ಬೇಗ ಮುಗಿಯುತ್ತದೆ’ ಎಂಬ ಸಲಹೆಗೆ ತಲೆಯಾಡಿಸಿದರೆ ಅಲ್ಲಿಗೆ ಕೇಸು ಸತ್ತಂತೆ. ಇನ್ಶೂರೆನ್ಸ್ ಇದ್ದರೆ ಕ್ಲೇಮೂ ಹೋಯಿತು, ಕಳ್ಳತನಕ್ಕೆ ಇನ್ಶೂರೆನ್ಸ್ ಕಂಪನಿಯವರು ಸಾಮಾನ್ಯವಾಗಿ ಎಫ್‌ಐಆರ್ ಕೇಳುತ್ತಾರೆ.

ಯಾವ ಠಾಣೆಗೆ ಹೋಗಬೇಕು? ಟ್ರೇನು, ಪ್ಲಾಟ್‌ಫಾರ್ಮು ಎಂದಾದರೆ ಜಿಆರ್‌ಪಿ, ಅಂದರೆ ರಾಜ್ಯದ ರೈಲ್ವೆ ಪೊಲೀಸರು. ದಾದರ್, ಕುರ್ಲಾ, ಥಾಣೆ, ಡೊಂಬಿವಲಿ, ಅಂಧೇರಿ, ಬೋರಿವಲಿ, ವಾಶಿ ಎಲ್ಲ ಕಡೆ ಅವರ ಠಾಣೆಗಳಿವೆ. ರೈಲ್ವೆಯ ಸ್ವಂತ ರಕ್ಷಣಾ ಪಡೆಯಾದ ಆರ್‌ಪಿಎಫ್ ಬೇರೆ, ಪ್ರಯಾಣಿಕರ ಫೋನ್ ಕಳ್ಳತನದ ಎಫ್‌ಐಆರ್ ಅವರ ಹತ್ತಿರ ಆಗುವುದಿಲ್ಲ. ‘ಘಟನೆ ನಮ್ಮ ಸರಹದ್ದಿನಲ್ಲಿ ಆಗಿಲ್ಲ’ ಎಂಬ ಮಾತಿಗೆ 2024ರ ಜುಲೈ 1ರಿಂದ ನೇರ ಉತ್ತರವಿದೆ: ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 173ರ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಮಾಹಿತಿ ಬರೆದುಕೊಳ್ಳಲೇಬೇಕು. ಇದೇ ಜೀರೋ ಎಫ್‌ಐಆರ್. ಆನ್‌ಲೈನಿನಲ್ಲೂ ಮಾಹಿತಿ ಕೊಡಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ಇನ್ನು ಎನ್‌ಸಿ (ನಾನ್-ಕಾಗ್ನಿಜಬಲ್), ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಅಪರಾಧದ ದಾಖಲೆ. ಮರಾಠಿಯಲ್ಲಿ ‘ಅದಖಲ್‌ಪಾತ್ರ’. ಠಾಣೆಯ ಮುದ್ರೆ, ನಂಬರು ಎಲ್ಲ ಇರುವುದರಿಂದ ಎಫ್‌ಐಆರ್ ಆಯಿತೆಂದು ತಿಳಿದು ಮನೆಗೆ ಹೋಗುವವರೇ ಹೆಚ್ಚು. ಕಲಂ 174ರಂತೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಎನ್‌ಸಿಯಲ್ಲಿ ತನಿಖೆ ಇಲ್ಲ. ಇಲ್ಲೊಂದು ಸೂಕ್ಷ್ಮ ಉಂಟು. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವು ಎನ್‌ಸಿಗೇ ಸೇರುತ್ತದೆ. ಹಾಗಾಗಿ ಬೆಲೆಯ ಜಾಗದಲ್ಲಿ ‘ಹಳೇ ಫೋನು, ಮೂರು ನಾಲ್ಕು ಸಾವಿರ’ ಅಂತ ಬಾಯಿಗೆ ಬಂದದ್ದು ಹೇಳಬೇಡಿ, ಬಿಲ್ ಕೊಂಡೊಯ್ಯಿರಿ. ಕೈಯಿಂದ ಕಿತ್ತುಕೊಂಡಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ (ಐಪಿಸಿ ಜಾಗಕ್ಕೆ ಬಂದ ಕಾನೂನು) ಕಲಂ 304, ಅಲ್ಲಿ ಬೆಲೆಯ ಪ್ರಶ್ನೆಯೇ ಬರುವುದಿಲ್ಲ.

ನೀವು ಹಿಂದಿಯಲ್ಲಿ ಹೇಳಿದರೂ ಠಾಣೆಯಲ್ಲಿ ದೂರು ಬರೆದುಕೊಳ್ಳುವ ಅಧಿಕಾರಿ ಬರೆಯುವುದು ಮರಾಠಿಯಲ್ಲಿ. ಮರಾಠಿ ಮಾತು ಬಂದರೂ ಓದು ಸರಾಗವಿಲ್ಲದ ನಮ್ಮವರು ಇಲ್ಲೇ ಎಡವುತ್ತಾರೆ. ಬರೆದದ್ದನ್ನು ಓದಿ ಹೇಳಬೇಕೆಂದು ಕಾನೂನೇ ಹೇಳುತ್ತದೆ. ಸಂಕೋಚ ಬೇಡ, ಓದಿಸಿ. ‘ಚೋರಿ’ ಎಂದಿದೆಯೇ, ‘ಗಹಾಳ್’ ಎಂದಿದೆಯೇ? ಯಾವ ಎರಡು ಸ್ಟೇಷನ್‌ಗಳ ನಡುವೆ, ಎಷ್ಟು ಗಂಟೆಗೆ? ಫೋನಿನ ಗುರುತಿನ ಸಂಖ್ಯೆಯಾದ 15 ಅಂಕಿಯ ಐಎಂಇಐ ಸರಿಯಿದೆಯೇ? ಒಂದಂಕಿ ತಪ್ಪಿದರೂ ಹುಡುಕುವುದು ಬೇರೆ ಯಾರದೋ ಫೋನನ್ನು. ಸಹಿಯಾದ ಮೇಲೆ ಪ್ರತಿ ಉಚಿತ, ಝೆರಾಕ್ಸಿನ ದುಡ್ಡೂ ಕೊಡಬೇಕಿಲ್ಲ.

ಎಫ್‌ಐಆರ್ ನಿಜವಾಗಿ ಆಯಿತೇ ಎಂದು ನೋಡಲು ಮಹಾರಾಷ್ಟ್ರ ಪೊಲೀಸರ ಸಿಟಿಜನ್ ಪೋರ್ಟಲ್ ಉಪಯೋಗಕ್ಕೆ ಬರುತ್ತದೆ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ತೊಂದರೆ ಇದ್ದ ಕಡೆ ಹೆಚ್ಚೆಂದರೆ 72 ಗಂಟೆ. ನಾಲ್ಕು ದಿನವಾದರೂ ಕಾಣದಿದ್ದರೆ ಕೈಯಲ್ಲಿರುವ ಕಾಗದವನ್ನು ಮತ್ತೊಮ್ಮೆ ನೋಡಿ, ಎನ್‌ಸಿ ಇದ್ದೀತು.

ಬರೆದುಕೊಳ್ಳಲು ಒಪ್ಪದಿದ್ದರೆ ಕೂಗಾಡಿ ಪ್ರಯೋಜನವಿಲ್ಲ. ‘ಎಫ್‌ಐಆರ್ ಮಾಡದ ಪೊಲೀಸರಿಗೆ ಜೈಲು’ ಎಂಬ ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ. ಅದು ನ್ಯಾಯ ಸಂಹಿತೆಯ 199, ಮುಖ್ಯವಾಗಿ ಮಹಿಳೆಯರ ಮೇಲಿನ ಗಂಭೀರ ಅಪರಾಧಗಳಿಗೆ, ಫೋನ್ ಕಳವಿಗಲ್ಲ. ಅದೇ ದೂರನ್ನು ಬರೆದು ಡಿಸಿಪಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅದೂ ಫಲಿಸದಿದ್ದರೆ ಬಿಎನ್‌ಎಸ್‌ಎಸ್ 175(3)ರಡಿ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟರ ಮುಂದೆ. ಆ ರಸೀದಿ ಇಲ್ಲದೆ ಹೋದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ‘ಮೊದಲು ವಿಚಾರಣೆ ಮಾಡುತ್ತೇವೆ’ ಎಂದರೆ ಅದಕ್ಕೂ ಎಸಿಪಿಯ ಅನುಮತಿ ಬೇಕು, ಗಡುವು 14 ದಿನ.

ಕೊನೆಯದು ಸಿಇಐಆರ್, ಕೇಂದ್ರದ ಫೋನ್ ಬ್ಲಾಕ್ ಮಾಡುವ ಸೇವೆ. ಮೊದಲು ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ತೆಗೆದುಕೊಳ್ಳಿ, ಒಟಿಪಿ ಬರುವುದು ಅದಕ್ಕೇ. ಬಳಿಕ ಪೊಲೀಸ್ ದೂರಿನ ಪ್ರತಿ, ಬಿಲ್, ಗುರುತಿನ ಚೀಟಿ ಹಾಕಿದರೆ ಫೋನು ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದು. ಇದಕ್ಕೆ ಐದಕ್ಕೆ ಐದು. ಸಿಕ್ಕ ರಿಕ್ವೆಸ್ಟ್ ಐಡಿ ಬರೆದಿಟ್ಟುಕೊಳ್ಳಿ: ಫೋನು ಸಿಕ್ಕಿ, ಕೋರ್ಟಿನ ಆದೇಶದ ಮೇಲೆ ಮುದ್ದೇಮಾಲು (ಪೊಲೀಸರ ವಶದಲ್ಲಿರುವ ಕೇಸಿನ ವಸ್ತು) ಬಿಡಿಸಿಕೊಂಡು ಬಂದ ಮೇಲೂ, ಆ ಐಡಿ ಹಾಕಿ ಅನ್‌ಬ್ಲಾಕ್ ಮಾಡುವವರೆಗೆ ಅದರಲ್ಲಿ ಸಿಮ್ ನಡೆಯುವುದಿಲ್ಲ.